ದುಂಬಿಯ ಊಟ

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನಲ್ಲಿ ಉಚ್ಚಂಗಿದುರ್ಗವೆಂಬ ಊರಿದೆ. ಬಯಲಿನ ನಡುವೆ ತಲೆಯೆತ್ತಿ ನಿಂತ ಕಲ್ಲುಬೆಟ್ಟ, ಬೆಟ್ಟದ ಮೇಲೆ ಹಳೆಯ ಕೋಟೆ, ಕೋಟೆಯೊಳಗೆ ಉಚ್ಚಂಗೆಮ್ಮನ ಗುಡಿ. ನೊಳಂಬರೂ ಅವರ ತರುವಾಯ ಉಚ್ಚಂಗಿಯ ಪಾಂಡ್ಯರೂ ಈ ದುರ್ಗದಿಂದ ನಾಡನ್ನು ಆಳಿದರು. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನು ಇದನ್ನು ಗೆದ್ದುಕೊಂಡನು. ಬೆಟ್ಟದ ಕೆಳಗೆ ಇರುವುದು ಮಳೆಯನ್ನೇ ನಂಬಿದ ಹೊಲಗಳು. ಜೋಳ, ಮೆಕ್ಕೆಜೋಳ, ಶೇಂಗಾ, ಸೂರ್ಯಕಾಂತಿಗಳು ಅಲ್ಲಿ ಬೆಳೆದುಬಂದ ಬೆಳೆಗಳು.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ನಾನೂ ನಮ್ಮ ವಿಜ್ಞಾನದ ಮೇಷ್ಟ್ರೂ ಆ ಕೋಟೆಯನ್ನು ನೋಡಲು ಹೋಗಿದ್ದೆವು. ಬೆಟ್ಟವಿಳಿದು ಹೊಲಗಳ ನಡುವೆ ನಡೆದು ಬರುತ್ತಿದ್ದಾಗ, ಬೆನ್ನಿಗೆ ಔಷಧ ಸಿಂಪಡಿಸುವ ಡಬ್ಬಿಯನ್ನು ಕಟ್ಟಿಕೊಂಡ ಮುದುಕರೊಬ್ಬರು ಬದುವಿನ ಮೇಲೆ ನಿಂತಿದ್ದರು. ಹೊಲದ ತುಂಬ ಸೂರ್ಯಕಾಂತಿ ಹೂ ಬಿಟ್ಟಿತ್ತು. ಬದುವಿನ ಉದ್ದಕ್ಕೂ ಪಾರ್ಥೇನಿಯಂ ಗಿಡ ಮೊಳಕಾಲೆತ್ತರ ಬೆಳೆದು ಬಿಳಿಯ ಹೂ ತಳೆದಿತ್ತು.

“ಮೇಷ್ಟ್ರೇ, ಓದಿದೋರು ನೀವು, ಈ ಹುಳ ನೋಡ್ರಿ,” ಎಂದು ಅವರು ಒಂದು ಎಲೆಯನ್ನು ಮುಂದೆ ಹಿಡಿದರು. “ಮೊನ್ನೆ ತನಕ ಬದುವಿನ ಕಾಂಗ್ರೆಸ್ ಗಿಡದಾಗ ಇತ್ತು. ಈಗ ನನ್ನ ಸೂರ್ಯಕಾಂತಿಗೆ ಬಂದೈತಿ. ಎಣ್ಣಿ ಹೊಡೀಲೋ ಬಿಡಲೋ?”

ಎಲೆಯ ಮೇಲೆ ಕೆನೆಬಣ್ಣದ ಬೆನ್ನಿಗೆ ಕಂದುಬಣ್ಣದ ಗೀರುಗಳನ್ನು ಎಳೆದುಕೊಂಡಿದ್ದ ಪುಟ್ಟ ದುಂಬಿಯೊಂದು ಕುಳಿತಿತ್ತು. ಪ್ರಶ್ನೆ ಚಿಕ್ಕದು. ಆದರೆ ಉತ್ತರ ತಪ್ಪಿದರೆ ನಷ್ಟ ಚಿಕ್ಕದಲ್ಲ. ಹುಳು ಬೆಳೆಯನ್ನು ತಿನ್ನುವುದಾದರೆ, ಸುಮ್ಮನಿದ್ದವನಿಗೆ ಬೆಳೆ ದಕ್ಕದು. ತಿನ್ನದಿದ್ದರೆ, ಔಷಧಕ್ಕೆ ಸುರಿದ ಹಣ ವ್ಯರ್ಥ. ಹೂ ಬಿಟ್ಟ ಹೊಲದಲ್ಲಿ ಸಿಂಪಡಿಸಿದ ವಿಷದಿಂದ ಜೇನುನೊಣಗಳು ಸಾಯುತ್ತವೆ, ಜೇನುನೊಣಗಳಿಲ್ಲದೆ ಸೂರ್ಯಕಾಂತಿಯ ಕಾಳು ಚೆನ್ನಾಗಿ ಕಟ್ಟುವುದಿಲ್ಲ. ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ದುಂಬಿಯ ಊಟದ ರಹಸ್ಯವನ್ನು ಮೊದಲು ಅರಿಯಬೇಕು.

ದುಂಬಿಯೆಂದೊಡನೆ ಹೂವಿನಿಂದ ಹೂವಿಗೆ ಹಾರುತ್ತ ಝೇಂಕರಿಸುವ, ನಮ್ಮ ಕವಿಗಳಿಗೆ ಪ್ರಿಯವಾದ ಕೀಟವು ನೆನಪಾಗುವುದು ಸಹಜ. ಇಲ್ಲಿ ಹೇಳುತ್ತಿರುವುದು ಆ ದುಂಬಿಯ ಮಾತಲ್ಲ. ಮುಂದಿನ ಎರಡು ರೆಕ್ಕೆಗಳು ಗಟ್ಟಿಯಾಗಿ, ಕವಚದಂತೆ ಬೆನ್ನನ್ನು ಮುಚ್ಚುವ ಕೀಟಗಳಿಗೂ ರೈತರು ದುಂಬಿಯೆಂದೇ ಹೆಸರಿಟ್ಟಿದ್ದಾರೆ. ಇವುಗಳಲ್ಲಿ ಎಲೆಯನ್ನೇ ತಿಂದು ಬದುಕುವ ಜಾತಿಗಳು ಸಾವಿರಾರು. ಅವುಗಳ ಮರಿಹುಳುಗಳೂ ಬಹುಮಟ್ಟಿಗೆ ತಾಯಿ ಮೊಟ್ಟೆಯಿಟ್ಟ ಗಿಡವನ್ನೇ ತಿಂದು ದೊಡ್ಡವಾಗುತ್ತವೆ.

ಎಲೆ ತಿನ್ನುವ ಹುಳುವಿಗೆ ಎಲ್ಲ ಎಲೆಯೂ ಒಂದೇ ಎಂದು ನಾವು ಭಾವಿಸುವುದುಂಟು. ಮನೆಯ ಹಿತ್ತಲಿಗೆ ಹೋಗಿ ನೋಡಿದರೆ ಈ ಭಾವನೆ ತಪ್ಪೆಂದು ತಿಳಿಯುತ್ತದೆ. ಬದನೆಯ ಗಿಡದ ಮೇಲೆ ಬೆನ್ನ ತುಂಬ ಕಪ್ಪು ಚುಕ್ಕೆಗಳಿರುವ ದುಂಡನೆಯ ಹುಳುಗಳು ಎಲೆಯ ಹಸುರನ್ನು ಕೆರೆದು ತಿಂದು, ನರಗಳ ಜಾಲರಿಯನ್ನು ಮಾತ್ರ ಉಳಿಸಿರುತ್ತವೆ. ಮಾರು ದೂರದಲ್ಲಿ ಹಬ್ಬಿದ ಕುಂಬಳದ ಬಳ್ಳಿಯ ಎಲೆಗಳಲ್ಲಿ ಕೆಂಪು ದುಂಬಿ ದುಂಡು ದುಂಡಾದ ತೂತುಗಳನ್ನು ಕೊರೆದಿರುತ್ತದೆ. ಆದರೆ ಕುಂಬಳದ ದುಂಬಿ ಬದನೆಯ ಗಿಡದ ಕಡೆ ತಿರುಗಿಯೂ ನೋಡುವುದಿಲ್ಲ. ಅಷ್ಟೇ ಏಕೆ, ಕುಂಬಳದ ಕುಟುಂಬಕ್ಕೇ ಸೇರಿದ ಹಾಗಲದ ಬಳ್ಳಿಯನ್ನು ಕೂಡ ಅದು ಅಷ್ಟಾಗಿ ಮೆಚ್ಚುವುದಿಲ್ಲ. ಊಟ ತನ್ನಿಚ್ಛೆ ಎಂಬ ಗಾದೆ ಮನುಷ್ಯನಿಗೆ ಒಪ್ಪುವಷ್ಟು ದುಂಬಿಗೆ ಒಪ್ಪುವುದಿಲ್ಲ. ಅದರ ಊಟವನ್ನು ನಿರ್ಣಯಿಸುವಲ್ಲಿ ಗಿಡದ ಕೈವಾಡವೇ ದೊಡ್ಡದು.

ಗಿಡಕ್ಕೆ ಓಡಿಹೋಗಲು ಕಾಲಿಲ್ಲ, ಹೊಡೆದಟ್ಟಲು ಕೈಯಿಲ್ಲ. ಆದ್ದರಿಂದ ಅದು ನಿಂತಲ್ಲಿಯೇ ಕೋಟೆ ಕಟ್ಟಿಕೊಳ್ಳುತ್ತದೆ. ಎಲೆಯ ಮೇಲಿನ ಮೇಣದ ಲೇಪ, ನವುರಾದ ರೋಮಗಳು, ಬಲಿತ ಎಲೆಯ ಗಡಸುತನ, ಇವು ಹೊರಗೋಡೆಗಳು. ಅವುಗಳನ್ನು ದಾಟಿ ಬಂದವರಿಗೆ ಒಳಗೆ ಕಹಿ, ಒಗರು, ಖಾರ, ವಿಷಗಳ ಕಂದಕ ಕಾದಿರುತ್ತದೆ. ಬೇವಿನ ಕಹಿ, ಸಾಸಿವೆಯ ಖಾರ, ತಂಬಾಕಿನ ವಿಷ ಎಲ್ಲವೂ ಇಂಥ ರಕ್ಷಣೆಯ ಬಗೆಗಳೇ. ಗಿಡದ ಬೆಳವಣಿಗೆಗೆ ನೇರವಾಗಿ ಬೇಕಿಲ್ಲದ ಈ ವಸ್ತುಗಳು ಅದರಲ್ಲಿ ಏಕಿವೆ ಎಂಬ ಪ್ರಶ್ನೆ ವಿಜ್ಞಾನಿಗಳನ್ನು ಬಹುಕಾಲ ಕಾಡಿತ್ತು. ೧೯೫೯ರಲ್ಲಿ ಗಾಟ್‌ಫ್ರೀಡ್ ಫ್ರೆಂಕೆಲ್ ಎಂಬ ಕೀಟವಿಜ್ಞಾನಿ, ಕೀಟಗಳನ್ನು ದೂರವಿಡುವುದಕ್ಕಾಗಿಯೇ ಇವು ಉಂಟಾದುವೆಂದು ಪ್ರತಿಪಾದಿಸಿದರು. ಇವೇ ವಸ್ತುಗಳು ಕೆಲವು ಕೀಟಗಳನ್ನು ಕರೆಯುತ್ತವೆ ಎಂಬುದನ್ನೂ ಅವರು ಎತ್ತಿ ತೋರಿಸಿದರು.

ಯಾವ ಕೋಟೆಯೂ ಎಂದೆಂದಿಗೂ ಅಜೇಯವಲ್ಲ. ಉಚ್ಚಂಗಿಯ ದುರ್ಗವನ್ನು ಬಲ್ಲಾಳನು ಗೆದ್ದಂತೆ, ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಒಂದೊಂದು ಗಿಡದ ಕೋಟೆಯನ್ನು ಒಂದೆರಡು ಕೀಟಗಳ ವಂಶ ಗೆದ್ದುಕೊಂಡಿದೆ. ಆ ಗಿಡದ ವಿಷವನ್ನು ಒಡೆದು ನಿರಪಾಯಗೊಳಿಸಬಲ್ಲ ಕಿಣ್ವಗಳು ಅಂಥ ಕೀಟದ ಹೊಟ್ಟೆಯಲ್ಲಿ ಬೆಳೆದು ಬಂದಿವೆ. ಆಗ ಒಂದು ವಿಚಿತ್ರವು ಘಟಿಸುತ್ತದೆ. ಇತರ ಹುಳುಗಳಿಗೆ ದೂರ ಹೋಗೆಂದು ಹೇಳುವ ಕಹಿಯೇ ಈ ಹುಳುವಿಗೆ ಬಾ ಎಂದು ಕರೆಯುವ ಗುರುತಾಗುತ್ತದೆ. ೧೯೧೦ರಲ್ಲಿ ವೆರ್‌ಶಾಫೆಲ್ಟ್ ಎಂಬ ಡಚ್ ವಿಜ್ಞಾನಿ ಇದನ್ನು ಸರಳವಾದ ಪ್ರಯೋಗದಿಂದ ತೋರಿಸಿದರು. ಎಲೆಕೋಸಿನ ಮರಿಹುಳುಗಳು ಸಾಮಾನ್ಯವಾಗಿ ಮುಟ್ಟದ ಬೇರೆ ಗಿಡಗಳ ಎಲೆಗಳಿಗೆ ಅವರು ಸಾಸಿವೆಯ ಜಾತಿಯ ಗಿಡಗಳ ಖಾರದ ಸತ್ತ್ವವನ್ನು ಹಚ್ಚಿ ಇಟ್ಟರು. ಹುಳುಗಳು ಆ ಎಲೆಗಳನ್ನೂ ತಿನ್ನತೊಡಗಿದವು. ದುಂಬಿಯೂ ಹೀಗೆಯೇ ಎಲೆಯ ಮೇಲೆ ಇಳಿದೊಡನೆ ಕಾಲು, ಕುಡಿಮೀಸೆ, ಬಾಯಿಯ ಅಂಗಗಳಿಂದ ಅದರ ರುಚಿಯನ್ನು ನೋಡುತ್ತದೆ. ಪರಿಚಯದ ಗುರುತು ಸಿಕ್ಕಿದರೆ ಕಚ್ಚುತ್ತದೆ, ಇಲ್ಲವಾದರೆ ಹಾರಿಹೋಗುತ್ತದೆ.

ಆದರೆ ತಿನ್ನುವುದು ಬೇರೆ, ತಿಂದದ್ದು ಮೈಗೆ ಹತ್ತುವುದು ಬೇರೆ. ಇದನ್ನು ತಿಳಿಯಲು ವಿಜ್ಞಾನಿಗಳು ದುಂಬಿಯ ಊಟಕ್ಕೆ ಲೆಕ್ಕವಿಡುತ್ತಾರೆ. ತಿನ್ನಲು ಕೊಟ್ಟ ಎಲೆಯನ್ನು ತೂಗುತ್ತಾರೆ, ಉಳಿಸಿದ್ದನ್ನು ತೂಗುತ್ತಾರೆ, ಹಾಕಿದ ಹಿಕ್ಕೆಯನ್ನು ತೂಗುತ್ತಾರೆ, ಕೊನೆಗೆ ಹುಳುವನ್ನೇ ತೂಗುತ್ತಾರೆ. ಒಂದು ಮರಿಹುಳು ೧೦೦ ಮಿಲಿಗ್ರಾಂ ಎಲೆಯನ್ನು ತಿಂದಿತೆಂದು ಭಾವಿಸೋಣ. ಅದರಲ್ಲಿ ೬೦ ಮಿಲಿಗ್ರಾಂ ಹಿಕ್ಕೆಯಾಗಿ ಹೊರಬಿದ್ದರೆ, ಜೀರ್ಣವಾದದ್ದು ೪೦. ಹುಳುವಿನ ಮೈಯ ತೂಕ ೧೦ ಮಿಲಿಗ್ರಾಂ ಮಾತ್ರ ಹೆಚ್ಚಿದ್ದರೆ, ಉಳಿದ ೩೦ ಎಲ್ಲಿ ಹೋಯಿತು? ಅದು ಉಸಿರಾಟಕ್ಕೆ, ಚಲನೆಗೆ, ವಿಷವನ್ನು ಒಡೆಯುವ ಕೆಲಸಕ್ಕೆ ವೆಚ್ಚವಾಯಿತು. ಉಂಡ ಆಹಾರವನ್ನು ಒಡೆದು ಶಕ್ತಿಯನ್ನು ಪಡೆಯುವ, ಮೈಯನ್ನು ಕಟ್ಟುವ ಈ ಸಮಸ್ತ ವ್ಯಾಪಾರಕ್ಕೆ ಚಯಾಪಚಯವೆಂದು ಹೆಸರು. ಒಂದೇ ಜಾತಿಯ ಹುಳುವಿಗೆ ಬೇರೆ ಬೇರೆ ಗಿಡಗಳ ಎಲೆಯನ್ನು ಕೊಟ್ಟಾಗ ಈ ಲೆಕ್ಕವೆಲ್ಲ ಬದಲಾಗುತ್ತದೆ. ಒಗ್ಗದ ಗಿಡದ ಮೇಲೆ ಹುಳು ಕಡಿಮೆ ತಿನ್ನಬಹುದು. ಹೊಟ್ಟೆ ತುಂಬ ತಿಂದರೂ ಜೀರ್ಣವಾಗದಿರಬಹುದು. ಜೀರ್ಣವಾದರೂ ಬಹುಪಾಲು ವಿಷದ ಪರಿಹಾರಕ್ಕೇ ವೆಚ್ಚವಾಗಿ ಮೈಗೆ ಅಲ್ಪವೇ ದಕ್ಕಬಹುದು. ಆದಾಯವೆಲ್ಲ ಸುಂಕಕ್ಕೇ ಹೋದರೆ ವ್ಯಾಪಾರಿಯ ಮನೆಯಲ್ಲಿ ಏನುಳಿದೀತು?

ಎಲೆಯ ಪೌಷ್ಟಿಕತೆಯೂ ಇಲ್ಲಿ ಮುಖ್ಯವಾದುದು. ಮೈ ಕಟ್ಟಲು ಬೇಕಾದ ಪ್ರೋಟೀನುಗಳಿಗೆ ಸಾರಜನಕ ಬೇಕು. ಒಣಗಿಸಿದ ಎಲೆಯ ತೂಕದಲ್ಲಿ ಸಾರಜನಕವು ಸಾಮಾನ್ಯವಾಗಿ ನೂರಕ್ಕೆ ೨ರಿಂದ ೪ ಭಾಗದಷ್ಟಿರುತ್ತದೆ. ಕೀಟದ ಮೈಯಲ್ಲಿಯಾದರೋ ಅದು ನೂರಕ್ಕೆ ೭ರಿಂದ ೧೪ ಭಾಗದವರೆಗೆ ಇರುತ್ತದೆ. ಈ ಕೊರತೆಯನ್ನು ತುಂಬಲು ಎಲೆ ತಿನ್ನುವ ಹುಳು ಎಡೆಬಿಡದೆ ತಿನ್ನಬೇಕಾಗುತ್ತದೆ. ಎಳೆಯ ಎಲೆಯಲ್ಲಿ ನೀರೂ ಸಾರಜನಕವೂ ಹೆಚ್ಚು. ಬಲಿತ ಎಲೆಯಲ್ಲಿ ನಾರು ಹೆಚ್ಚು, ಸತ್ತ್ವ ಕಡಿಮೆ. ಬಲಿತ ಎಲೆಯ ಮೇಲೆ ಬೆಳೆದ ಮರಿಹುಳು ನಿಧಾನವಾಗಿ ದೊಡ್ಡದಾಗುತ್ತದೆ. ಅಷ್ಟು ದಿನ ಹೆಚ್ಚಾಗಿ ಇರುವೆ, ಜೇಡ, ಹಕ್ಕಿಗಳ ಕಣ್ಣಿಗೆ ಬೀಳುತ್ತದೆ. ದೊಡ್ಡದಾದ ಮೇಲೂ ಅದರ ಮೈ ಸಣ್ಣ. ಹೆಣ್ಣಾದರೆ ಇಡುವ ಮೊಟ್ಟೆಯೂ ಕಡಿಮೆ. ಹೀಗೆ ಮರಿಹುಳು ಉಂಡ ಎಲೆಯ ಗುಣವು ಮುಂದಿನ ಪೀಳಿಗೆಯ ಸಂಖ್ಯೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಈಗ ಉಚ್ಚಂಗಿಯ ಬದುವಿನ ಗಿಡದ ಕಡೆಗೆ ಮರಳೋಣ. ಜನರ ಬಾಯಲ್ಲಿ ಕಾಂಗ್ರೆಸ್ ಗಿಡವೆಂದು ಹೆಸರಾದ ಪಾರ್ಥೇನಿಯಂ ನಮ್ಮ ನಾಡಿನ ಸಸ್ಯವಲ್ಲ. ಅದರ ತವರು ಅಮೆರಿಕ ಖಂಡ. ೧೯೫೦ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಕಳೆ ಕೆಲವೇ ದಶಕಗಳಲ್ಲಿ ದೇಶವನ್ನೆಲ್ಲ ಆವರಿಸಿತು. ಒಂದು ಗಿಡ ಹತ್ತು ಸಾವಿರಕ್ಕೂ ಮಿಕ್ಕಿ ಬೀಜವನ್ನು ಉದುರಿಸಬಲ್ಲದು. ಅದರ ಮೈಯಲ್ಲಿರುವ ಪಾರ್ಥೆನಿನ್ ಎಂಬ ಕಹಿವಸ್ತುವಿನಿಂದಾಗಿ ದನಗಳು ಅದನ್ನು ಮೇಯುವುದಿಲ್ಲ. ಮುಟ್ಟಿದವರಲ್ಲಿ ಕೆಲವರಿಗೆ ಚರ್ಮದ ತುರಿಕೆ, ಪರಾಗವನ್ನು ಉಸಿರಾಡಿದವರಲ್ಲಿ ಕೆಲವರಿಗೆ ಸೀನು, ಉಬ್ಬಸ. ತವರಿನಲ್ಲಿ ಅದರ ಕೋಟೆಯನ್ನು ಗೆದ್ದ ಕೀಟಗಳಿದ್ದವು. ಇಲ್ಲಿ ಅಂಥವು ಇರಲಿಲ್ಲ. ಗೆಲ್ಲುವವರಿಲ್ಲದ ಕೋಟೆ ರಾಜ್ಯವನ್ನು ವಿಸ್ತರಿಸಿತು.

ಆ ಕೀಟಗಳಲ್ಲಿ ಒಂದನ್ನು ಇಲ್ಲಿಗೆ ತರುವ ಯತ್ನ ನಡೆದದ್ದು ಬೆಂಗಳೂರಿನಲ್ಲಿ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ೧೯೮೩ರಲ್ಲಿ ಮೆಕ್ಸಿಕೋ ದೇಶದಿಂದ ಜೈಗೋಗ್ರಾಮ ಬೈಕಲರೇಟ ಎಂಬ ದುಂಬಿಯನ್ನು ತರಿಸಿದರು. ಹತ್ತಾರು ಬಗೆಯ ಸಸ್ಯಗಳನ್ನು ಅದರ ಮುಂದಿಟ್ಟು, ಅದು ಯಾವುದನ್ನು ತಿಂದು ಬದುಕಬಲ್ಲದೆಂದು ಪರೀಕ್ಷಿಸಿದ ಬಳಿಕ ೧೯೮೪ರಲ್ಲಿ ಬಯಲಿಗೆ ಬಿಟ್ಟರು. ಕೆಲವು ವರ್ಷಗಳಲ್ಲಿ ಅದು ಸಂಖ್ಯೆಯಲ್ಲಿ ಹೆಚ್ಚಿ, ಬೆಂಗಳೂರಿನ ಸುತ್ತ ಮಳೆಗಾಲದಲ್ಲಿ ಪಾರ್ಥೇನಿಯಂ ಗಿಡಗಳನ್ನು ಬೋಳು ಮಾಡತೊಡಗಿತು.

ಈ ದುಂಬಿಯ ಬಾಳು ಪೂರ್ತಿಯಾಗಿ ಪಾರ್ಥೇನಿಯಂ ಗಿಡಕ್ಕೆ ಹೊಂದಿಕೊಂಡಿದೆ. ಹೆಣ್ಣುದುಂಬಿ ಎಲೆಗಳ ಕೆಳಮೈಯಲ್ಲಿ ಮೊಟ್ಟೆಯಿಡುತ್ತದೆ. ನಾಲ್ಕೈದು ದಿನಗಳಲ್ಲಿ ಹೊರಬಂದ ಮರಿಗಳು ಕುಡಿಯನ್ನೂ ಎಳೆಯ ಎಲೆಗಳನ್ನೂ ಹುಡುಕಿಕೊಂಡು ತಿನ್ನುತ್ತವೆ. ಸುಮಾರು ಎರಡು ವಾರದಲ್ಲಿ ಪೂರ್ತಿ ಬೆಳೆದು ಮಣ್ಣಿಗಿಳಿದು ಕೋಶಾವಸ್ಥೆಯನ್ನು ತಾಳಿ, ಕೆಲವು ದಿನಗಳ ಮೇಲೆ ದುಂಬಿಗಳಾಗಿ ಏಳುತ್ತವೆ. ಮಳೆಗಾಲ ಮುಗಿದು ಗಿಡ ಒಣಗತೊಡಗಿದಾಗ ದುಂಬಿಗಳು ನೆಲದೊಳಗೆ ಹೊಕ್ಕು ತಿಂಗಳುಗಟ್ಟಲೆ ಮಲಗುತ್ತವೆ. ಆ ಸುಪ್ತಾವಸ್ಥೆಯಲ್ಲಿ ಊಟವಿಲ್ಲ. ಚಯಾಪಚಯವು ಆರಿಸಿದ ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡದಂತೆ ಮಂದವಾಗಿರುತ್ತದೆ. ಹಸುರಿದ್ದ ಕಾಲದಲ್ಲಿ ಉಂಡು ಮೈಯಲ್ಲಿ ಕೂಡಿಟ್ಟ ಕೊಬ್ಬೇ ಆಗ ಅದನ್ನು ಉಳಿಸುವ ಬುತ್ತಿ. ಮುಂಗಾರಿನ ಮಳೆ ಬಿದ್ದು ಗಿಡ ಚಿಗುರುವ ಹೊತ್ತಿಗೆ ದುಂಬಿಯೂ ಏಳುತ್ತದೆ. ಮಲಗುವುದೂ ಏಳುವುದೂ ಗಿಡದೊಡನೆಯೇ. ಆದ್ದರಿಂದಲೇ ಬೇಸಿಗೆಯಲ್ಲಿ ಚರಂಡಿಯ ತೇವಕ್ಕೆ, ನೀರಾವರಿಯ ಹಸಿಗೆ ಹುಟ್ಟಿದ ಪಾರ್ಥೇನಿಯಂ ಗಿಡಗಳು ಅದರ ಬಾಯಿಗೆ ಸಿಗದೆ ಉಳಿದುಕೊಳ್ಳುತ್ತವೆ. ದುಂಬಿಯೊಂದನ್ನೇ ನಂಬಿ ಈ ಕಳೆಯನ್ನು ನಿರ್ಮೂಲ ಮಾಡಲಾಗದು.

೧೯೯೦ರ ದಶಕದ ಆರಂಭದಲ್ಲಿ ದೊಡ್ಡದೊಂದು ಆತಂಕ ತಲೆದೋರಿತು. ಈ ದುಂಬಿ ಸೂರ್ಯಕಾಂತಿಯನ್ನೂ ತಿನ್ನುತ್ತಿದೆಯೆಂಬ ದೂರುಗಳು ಕರ್ನಾಟಕದಲ್ಲಿ ಕೇಳಿಬಂದವು. ಆತಂಕ ನಿರಾಧಾರವಾಗಿರಲಿಲ್ಲ. ಪಾರ್ಥೇನಿಯಂ, ಸೂರ್ಯಕಾಂತಿ ಎರಡೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಒಂದು ದುಂಬಿ ತನ್ನ ಹಳೆಯ ಗಿಡವನ್ನು ಬಿಟ್ಟು ಅದರ ಬಂಧುವಾದ ಬೆಳೆಗೆ ಜಿಗಿದ ಭಯಂಕರ ಉದಾಹರಣೆಯೂ ಇತಿಹಾಸದಲ್ಲಿದೆ. ಅಮೆರಿಕದಲ್ಲಿ ಕಾಡುಗಿಡವೊಂದರ ಎಲೆಯನ್ನು ತಿಂದುಕೊಂಡಿದ್ದ ದುಂಬಿ, ವಲಸೆಗಾರರು ಆ ನೆಲದಲ್ಲಿ ಆಲೂಗಡ್ಡೆಯನ್ನು ನೆಟ್ಟಾಗ ಅದಕ್ಕೆ ಒಗ್ಗಿಕೊಂಡು, ೧೮೫೯ರ ಹೊತ್ತಿಗೆ ಹೊಲಗಳನ್ನು ಹಾಳುಮಾಡತೊಡಗಿತು. ಮುಂದೆ ಯೂರೋಪಿಗೂ ಹಬ್ಬಿತು. ನಮ್ಮ ಮೆಕ್ಸಿಕೋ ದುಂಬಿಯೂ ಅದೇ ಕೀಟಕುಟುಂಬದ್ದು. ಸರ್ಕಾರವು ವಿಚಾರಣೆಗೆ ತಜ್ಞರ ಸಮಿತಿಯನ್ನು ನೇಮಿಸಿತು. ವಿಜ್ಞಾನಿಗಳು ಮತ್ತೆ ಪರೀಕ್ಷೆಗೆ ತೊಡಗಿದರು.

ಆಗ ಹೊರಬಿದ್ದ ಸಂಗತಿ ಕುತೂಹಲಕರವಾಗಿದೆ. ಬೆಂಗಳೂರಿನ ವಿಜ್ಞಾನಿಗಳು ೧೯೯೩ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸೂರ್ಯಕಾಂತಿಯ ಎಲೆಗೆ ಪಾರ್ಥೇನಿಯಂ ಪರಾಗವನ್ನು ಉದುರಿಸಿದಾಗ ದುಂಬಿಗಳು ಅದನ್ನು ತಿನ್ನಲು ಪ್ರೇರಿತವಾದುದು ಕಂಡುಬಂದಿತು. ಬದುವಿನ ಕಳೆ ಹೂ ಬಿಟ್ಟಾಗ ಅದರ ಪರಾಗವು ಪಕ್ಕದ ಬೆಳೆಯ ಎಲೆಗಳ ಮೇಲೆ ಬೀಳುವುದು ಸಹಜ. ಆ ಪರಾಗದೊಡನೆ ಕಳೆಯ ಗುರುತೂ ಅಲ್ಲಿಗೆ ಬಂದಿತ್ತು. ಸಾಸಿವೆಯ ಸತ್ತ್ವ ಹಚ್ಚಿದ ಎಲೆಗೆ ಎಲೆಕೋಸಿನ ಹುಳುಗಳು ಮೋಸಹೋದಂತೆ, ಇಲ್ಲಿ ದುಂಬಿ ಗುರುತಿಗೆ ಮೋಸಹೋಗಿತ್ತು. ಅದು ಎಲೆಯನ್ನು ಕಚ್ಚಿದ್ದು ನಿಜ. ಆದರೆ ಬಯಲಿನಲ್ಲಿ ಸೂರ್ಯಕಾಂತಿ ಅದರ ಮನೆಯಾಗಲಿಲ್ಲ. ದಶಕಗಳೇ ಕಳೆದರೂ ಆಲೂಗಡ್ಡೆಯ ಕಥೆ ಇಲ್ಲಿ ಮರುಕಳಿಸಲಿಲ್ಲ.

ಅಂದು ಬದುವಿನ ಮೇಲೆ ನಿಂತು ನಮ್ಮ ವಿಜ್ಞಾನದ ಮೇಷ್ಟ್ರು ಈ ವಿಷಯವನ್ನು ಆ ಹಿರಿಯರಿಗೆ ಬಿಡಿಸಿ ಹೇಳಿದರು. ಬಳಿಕ, “ಅಜ್ಜಾ, ನನ್ನ ಮಾತನ್ನು ನಂಬಬೇಕಾಗಿಲ್ಲ, ಎಲೆಯನ್ನೇ ಕೇಳೋಣ,” ಎಂದು ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಸೂರ್ಯಕಾಂತಿಯ ಎಲೆಗಳನ್ನು ಮಗುಚಿ ನೋಡಿತು. ಇನ್ನೊಂದು ಗುಂಪು, ಪಾರ್ಥೇನಿಯಂ ಗಿಡವನ್ನು ಬರಿಗೈಯಲ್ಲಿ ಮುಟ್ಟಬಾರದೆಂದು ಕಡ್ಡಿಯಿಂದ ಎತ್ತಿ, ಅದರ ಎಲೆಗಳ ಅಡಿಯನ್ನು ನೋಡಿತು. ಕಳೆಯ ಎಲೆಗಳಡಿಯಲ್ಲಿ ಮೊಟ್ಟೆಗಳಿದ್ದವು, ಮರಿಹುಳುಗಳಿದ್ದವು. ಸೂರ್ಯಕಾಂತಿಯ ಅಂಚಿನ ಸಾಲುಗಳಲ್ಲಿ ಕಚ್ಚಿದ ಗುರುತುಗಳು ಕೆಲವು ಕಂಡವು. ಒಳಸಾಲುಗಳಲ್ಲಿ ಅವೂ ಇರಲಿಲ್ಲ. ಮೊಟ್ಟೆಯಾಗಲಿ ಮರಿಯಾಗಲಿ ಒಂದೂ ಸಿಗಲಿಲ್ಲ.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಂದ್ರ ಇದು ದಾರಿ ತಪ್ಪಿ ಬಂದ ಬೀಗ. ಉಂಡು ಹೋಗ್ತಾನ, ಸಂಸಾರ ಹೂಡಂಗಿಲ್ಲ,” ಎಂದು ನಕ್ಕು ಬೆನ್ನಿನ ಡಬ್ಬಿಯನ್ನು ಇಳಿಸಿದರು. ಬರುವ ವರ್ಷ ಬದುವಿನ ಕಳೆಯನ್ನು ಹೂ ಬಿಡುವ ಮುಂಚೆಯೇ ಕೀಳಿಸಿಬಿಡುವುದಾಗಿಯೂ ಹೇಳಿದರು. ಚಯಾಪಚಯವೆಂಬ ಪದವನ್ನು ಅವರು ಕೇಳಿರಲಾರರು. ಆದರೂ ಎಲೆಯ ಮೇಲೆ ಕಂಡ ಹುಳುವಿಗೂ ಆ ಎಲೆಯಿಂದ ಬದುಕುವ ಹುಳುವಿಗೂ ಇರುವ ಅಂತರವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಅವರೇ ಒಂದು ಮಾತಿನಲ್ಲಿ ಹೇಳಿದ್ದರು.

ನೀವೂ ಇಂಥ ಪರೀಕ್ಷೆಯನ್ನು ಮಾಡಬಹುದು. ಬದನೆಯ ಗಿಡದ ಚುಕ್ಕೆಹುಳುಗಳನ್ನು ಎರಡು ಅಗಲಬಾಯಿಯ ಶೀಶೆಗಳಲ್ಲಿ ಬಿಟ್ಟು, ಬಾಯಿಗೆ ತೆಳುವಾದ ಬಟ್ಟೆಯನ್ನು ಕಟ್ಟಿರಿ. ಒಂದಕ್ಕೆ ಬದನೆಯ ಎಲೆಯನ್ನು, ಇನ್ನೊಂದಕ್ಕೆ ಬೇರೊಂದು ಗಿಡದ ಎಲೆಯನ್ನು ಹಾಕಿರಿ. ಹಾಕುವ ಮೊದಲು ಚೌಕದ ಕಾಗದದ ಮೇಲೆ ಎಲೆಯನ್ನಿಟ್ಟು ಅಂಚನ್ನು ಬರೆದುಕೊಳ್ಳಿರಿ. ಮರುದಿನ ಮತ್ತೆ ಅದೇ ಗೆರೆಯ ಮೇಲೆ ಇಟ್ಟು, ತಿಂದುಹೋದ ಚೌಕಗಳನ್ನು ಎಣಿಸಿರಿ. ಎರಡು ಶೀಶೆಗಳ ಲೆಕ್ಕವನ್ನು ಹೋಲಿಸಿದಾಗ, ಎಲೆಯೆಲ್ಲ ಒಂದೇ ಅಲ್ಲವೆಂಬುದನ್ನು ಹುಳುವೇ ನಿಮಗೆ ಹೇಳುತ್ತದೆ. ಲೆಕ್ಕ ಮುಗಿದ ಮೇಲೆ ಹುಳುಗಳನ್ನು ತಂದ ಗಿಡಕ್ಕೇ ಬಿಟ್ಟುಬಿಡಿರಿ.